ಬೆಂಡೆ ಹೊಲದಲ್ಲಿ ಅತ್ತೆಯ ಮೂರನೇ ಚರಣ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಪಂಚಾಂಗಕ್ಕಿಂತ ಹೆಚ್ಚು ಮರ್ಯಾದೆ ಇದ್ದದ್ದು ಲೋಡ್ ಶೆಡ್ಡಿಂಗ್ ಪಟ್ಟಿಗೆ. ಪೇಪರಿನಲ್ಲಿ ಬಂದದ್ದನ್ನು ಅತ್ತೆ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದರು. ದೋಸೆಗೆ ರುಬ್ಬುವುದು, ನನ್ನ ಆಫೀಸಿನ ಬಟ್ಟೆಗೆ ಇಸ್ತ್ರಿ, ಎಲ್ಲದಕ್ಕೂ ಅದೇ ಮುಹೂರ್ತ. ಮೇ ತಿಂಗಳ ಭಾನುವಾರ ಸಂಜೆ ಫ್ಯಾನು ನಿಂತ ಮೂರನೇ ಮಹಡಿಯಲ್ಲಿ ಬೇಯುವ ಬದಲು ಪರಿಚಯದ ಕನ್ನಡದವರೆಲ್ಲ ಸೇರಿ ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ಹಾಡೋಣ ಎಂಬ ಉಪಾಯ ಅತ್ತೆಗೆ ಹೊಳೆದದ್ದೂ ಆ ಪಟ್ಟಿಯ ಮುಂದೆ ನಿಂತಾಗಲೇ.

ಹೊಲ ಇದ್ದದ್ದು ಲೋಕಲ್ ಟ್ರೇನಿನಲ್ಲಿ ಹೋಗಬೇಕಾದ ದಿವಾ ಸ್ಟೇಷನ್ನಿನ ಆಚೆ. ಮಾವ ಮ್ಯಾನೇಜರಾಗಿದ್ದ ಉಡುಪಿ ಹೋಟೆಲಿಗೆ ಬೆಂಡೆ, ಹರಿವೆ ತಂದುಕೊಡುತ್ತಿದ್ದ ಮರಾಠಿ ಕಾಕಾ ಒಬ್ಬರಿದ್ದರು, ಅವರದು. ಮಾವಿನ ಮರದಡಿ ಹಾಡಿಕೊಳ್ಳಲು ಅವರ ಅಡ್ಡಿಯಿರಲಿಲ್ಲ. ಆದರೆ ಹಾಡು ನಮ್ಮದು, ಕೆಲಸ ಅವರದು. ಹಾರ್ಮೋನಿಯಂ ಮಾಸ್ತರರು ಕಣ್ಣು ಮುಚ್ಚಿ ಆಲಾಪ ಎಳೆಯುವಾಗಲೂ ಕಾಕಾ ಪಕ್ಕದ ಸಾಲಿನಲ್ಲಿ ಬೆಂಡೆ ಕೊಯ್ದು ಕ್ರೇಟಿಗೆ ಧಡಧಡ ಸುರಿಯುತ್ತಿದ್ದರು. ಮಾಸ್ತರರು ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ನನಗಂತೂ ಆ ಕ್ರೇಟಿನ ಸದ್ದು ನಮ್ಮ ತಬಲಾದವರಿಗಿಂತ ತಾಳಕ್ಕೆ ಸರಿಯಾಗಿ ಬೀಳುತ್ತಿದೆ ಅನಿಸುತ್ತಿತ್ತು.

ಮೊದಲು ಮಕ್ಕಳು, ಆಮೇಲೆ ಭಜನೆಯ ಹೆಂಗಸರು, ಆಮೇಲೆ ಮಾಸ್ತರರು, ಕೊನೆಗೆ ಅತ್ತೆ. ಎಲ್ಲ ಏರ್ಪಾಡೂ ಅವರದೇ ಆದ್ದರಿಂದ, ಮದುವೆ ಮನೆಯಲ್ಲಿ ಮನೆಯವರು ಕಡೆಯ ಪಂಕ್ತಿಗೆ ಕೂರುವ ಹಾಗೆ, ಅವರ ಸರದಿಯೂ ಕಡೆಗೆ. ಅಷ್ಟರಲ್ಲಿ ಚರುಮುರಿ ಮುಗಿದು ಎಲ್ಲರಿಗೂ ಟ್ರೇನಿನ ನೆನಪಾಗುತ್ತಿತ್ತು. ಮೊದಲು ಏಳುತ್ತಿದ್ದವರು ಮಾವ. ಅವರು ಎದ್ದರೆಂದರೆ ಸಭೆಯೇ ಎದ್ದಂತೆ. ಹೀಗೆ ಮೂರು ಬೇಸಿಗೆ ಅತ್ತೆಯ ದೇವರನಾಮ ಪಲ್ಲವಿ ದಾಟಿರಲಿಲ್ಲ. ಸುಳ್ಳೇಕೆ ಹೇಳಲಿ, ಹಿಂದಿನ ವರ್ಷ ಅವರು ಹಾಡುತ್ತಿದ್ದಾಗಲೇ ಜಮಖಾನ ಮಡಚಿದವಳು ನಾನೇ.

ಆ ವರ್ಷದ ಕಛೇರಿಗೆ ಒಂದು ವಾರ ಇರುವಾಗ ಅತ್ತೆ ದೋಸೆ ಮಗುಚುತ್ತಾ ಹೇಳಿದರು:

"ಈ ಸಲವೂ ಎದ್ದು ಹೋದ್ರೆ ನಾನು ಮತ್ತೆ ಬಾಯಿ ತೆರಿಯುದಿಲ್ಲ. ಹಾಡುದೇ ಬಿಟ್ಟೆ."

"ಹಂಗ್ಯಾಕ ಅಂತೀರಿ ಅತ್ತಿ?" ಎಂದೆ. ನಾನು ಧಾರವಾಡದವಳು.

"ಮತ್ತೆಂತ ಹೇಳುದು? ಕೋಣನ ಮುಂದೆ ಕಿನ್ನರಿ ಎಷ್ಟು ವರ್ಷ ಬಾರ್ಸುದು?"

ಕೋಣ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಮಾವ ಹೊರಗೆ ಕೂತು ಪೇಪರ್ ಓದುತ್ತಿದ್ದರು. ನಗಲು ಹೊರಟವಳು ಅತ್ತೆಯ ಮುಖ ನೋಡಿದೆ. ಅವರ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

ಭಾನುವಾರ ಅತ್ತೆ ಎಲ್ಲರಿಗಿಂತ ಮುಂಚೆ ಹೊಲ ಸೇರಿ ಬದುವಿನ ಮೇಲೆ ನಿಂತಿದ್ದರು. ಬಂದವರಿಗೆಲ್ಲ ಒಂದೇ ಮಾತು: "ಚಪ್ಪಲಿ ಹಾಕಿ ಬದು ತುಳಿಬೇಡಿ, ಕಾಕಾನಿಗೆ ಬೇಜಾರಾಗ್ತದೆ. ಅಲ್ಲಿ ಕೆಳಗೆ ಸಾಲಾಗಿ ಇಡಿ." ಕೆಳಗೆ ಒಣಗಿದ ನೀರಿನ ಕಾಲುವೆ. ಗೇಣುದ್ದ ಆಳ, ಎರಡು ಗೇಣು ಅಗಲ. ಅದರಲ್ಲಿ ನಲವತ್ತು ಜನರ ಚಪ್ಪಲಿ ಶಿಸ್ತಾಗಿ ಕೂತವು.

ಮಕ್ಕಳಾಯಿತು, ಭಜನೆಯಾಯಿತು, ಮಾಸ್ತರರದೂ ಆಯಿತು. ಅತ್ತೆ ಸೆರಗು ಸರಿಮಾಡಿಕೊಂಡು ಪಲ್ಲವಿ ಎತ್ತಿದರು. ಮಾವ ವಾಚು ನೋಡಿ ಎದ್ದರು. ಅವರ ಹಿಂದೆ ಹತ್ತು ಜನ ಎದ್ದರು. ನಾನು ಜಮಖಾನದ ಮೇಲೆ ಇನ್ನೂ ಗಟ್ಟಿಯಾಗಿ ಕೂತೆ.

ಆಗಲೇ ಬಾವಿಯ ಕಡೆಯಿಂದ ಮೋಟಾರು ಗುಂಯ್ ಎಂದಿತು. ಹೊಲಕ್ಕೆ ಕರೆಂಟು ಬಂದಿತ್ತು. ಕಾಕಾ ಸ್ವಿಚ್ಚು ಹಾಕಿಯೇ ಇಡುತ್ತಿದ್ದರು, ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿ ಓಡಲೆಂದು. ನೀರು ಕಾಲುವೆಗೆ ನುಗ್ಗಿತು. ನಲವತ್ತು ಜೊತೆ ಚಪ್ಪಲಿಗಳು ಒಂದರ ಹಿಂದೊಂದು ಎದ್ದು ಬೆಂಡೆ ಸಾಲಿನತ್ತ ಹೊರಟವು. ಮಾವನ ಪಾಲಿಶ್ ಮಾಡಿದ ಚಪ್ಪಲಿಯೇ ಮುಂದೆ.

"ಅರೇ, ಮೋಟಾರ್ ಬಂದ್ ಕರೋ!" ಎಂದು ಮಾವ ಕೂಗಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಕಾಕಾ ಕ್ರೇಟಿನಿಂದ ತಲೆ ಎತ್ತಲಿಲ್ಲ. "ಮೋಟಾರ್ ಬಂದ್ ನಹೀ ಹೋಗಾ, ಶೇಟ್. ದೋ ಘಂಟಾ ಹೀ ಲೈಟ್ ಹೈ. ಔರ್ ಕೋಯಿ ಅಂದರ್ ನಹೀ ಜಾಯೇಗಾ, ನಯಾ ಭಾಜಿ ಹೈ. ಚಪ್ಪಲ್ ಉಧರ್ ಕೋನೇ ಮೇ ಜಮಾ ಹೋತಾ ಹೈ. ಆಧಾ ಘಂಟಾ ಬೈಠೋ."

ಕರೆಂಟು ಎರಡೇ ಗಂಟೆ, ಮೋಟಾರು ನಿಲ್ಲದು; ಚಪ್ಪಲಿ ಮೂಲೆಗೆ ಬಂದು ಸೇರಲು ಅರ್ಧ ಗಂಟೆ, ಅಲ್ಲಿಯವರೆಗೆ ಬೆಂಡೆಯ ನಡುವೆ ಹಾಕಿದ ಹೊಸ ಹರಿವೆ ತುಳಿಯುವಂತಿಲ್ಲ. ಸ್ಟೇಷನ್ನಿನ ದಾರಿಯುದ್ದಕ್ಕೂ ಜಲ್ಲಿಕಲ್ಲು, ಜಾಲಿಮುಳ್ಳು. ಬರಿಗಾಲಲ್ಲಿ ಎಲ್ಲಿ ಹೋಗುವುದು? ಒಬ್ಬೊಬ್ಬರಾಗಿ ಬದುವಿನ ಮೇಲೆ ಕೂತು ಕಾಲುವೆಗೆ ಕಾಲು ಇಳಿಬಿಟ್ಟರು. ನೀರು ತಣ್ಣಗಿತ್ತು. ಗೊಣಗಾಟ ನಿಂತಿತು. ಈ ಗದ್ದಲದಲ್ಲೂ ಅತ್ತೆ ಹಾಡು ನಿಲ್ಲಿಸಿರಲಿಲ್ಲ. ಮೋಟಾರಿನ ಗುಂಯ್‌ಗೇ ಶ್ರುತಿ ಸೇರಿಸಿಕೊಂಡು ಅವರು ಮೊದಲ ಚರಣಕ್ಕೆ ಬಂದರು, ಎರಡನೆಯದಕ್ಕೆ ಬಂದರು. ಮೂರನೆಯ ಚರಣದಲ್ಲಿ ಅವರ ದನಿ ಒಂದು ಕಡೆ ಮೇಲೇರಿ ಅಲ್ಲೇ ನಿಂತಿತು. ಕ್ರೇಟಿನ ಸದ್ದೂ ನಿಂತಿತು. ಹನ್ನೊಂದು ವರ್ಷ ಒಂದೇ ಅಡಿಗೆಮನೆಯಲ್ಲಿದ್ದೂ ಆ ದನಿಯನ್ನು ನಾನು ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ.

ಹಾಡು ಮುಗಿದ ಮೇಲೆ ಮಾವ ನೀರೊಳಗಿನ ತಮ್ಮ ಕಾಲನ್ನೇ ನೋಡುತ್ತಾ ಹೇಳಿದರು: "ನೀನು ಇಷ್ಟು ಚಂದ ಹಾಡ್ತಿ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ."

"ಗೊತ್ತಾಗುದು ಹೇಗೆ? ನೀವು ಎರಡನೇ ಸಾಲಿಗೇ ಏಳುದಲ್ವಾ?"

ಎಲ್ಲರೂ ನಕ್ಕರು. ಮಾವ ಇನ್ನೊಂದು ಹಾಡು ಹೇಳೆಂದರು. ಟ್ರೇನಿನ ಸುದ್ದಿ ಯಾರೂ ಎತ್ತಲಿಲ್ಲ.

ಕೊನೆಗೆ ಹೊಲದ ಮೂಲೆಯಲ್ಲಿ ಗುಂಪುಗೂಡಿದ್ದ ಒದ್ದೆ ಚಪ್ಪಲಿಗಳನ್ನು ಎಲ್ಲರೂ ಬಗ್ಗಿ ಹುಡುಕತೊಡಗಿದರು. ಮಾವನಿಗೆ ಒಂದು ಕಾಲಿನದು ಸಿಕ್ಕಿತ್ತು. ನಾನು ಅತ್ತೆಯದಕ್ಕಾಗಿ ಕೆಸರೆಲ್ಲ ತಡಕಿದೆ, ಸಿಗಲಿಲ್ಲ. ವಾಪಸು ಬಂದು ನೋಡಿದರೆ ಅವರು ಮಾವಿನ ಮರದ ಹಿಂದೆ ನಿಂತಿದ್ದರು.

"ಅತ್ತಿ, ನಿಮ್ಮ ಚಪ್ಪಲ್ ಎಲ್ಲೂ ಇಲ್ಲಲ್ರೀ?"

ಅತ್ತೆ ಬಟ್ಟೆಚೀಲದಿಂದ ಪೇಪರಿನ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಅವರ ಚಪ್ಪಲಿ. ಒಂದು ಹನಿ ನೀರು ತಾಗಿರಲಿಲ್ಲ. ಸುತ್ತಿದ್ದು ಆ ವಾರದ ಲೋಡ್ ಶೆಡ್ಡಿಂಗ್ ಪಟ್ಟಿಯಿದ್ದ ಪುಟ. ಅದರಲ್ಲಿ ದಿವಾದ ಸಾಲಿನಲ್ಲಿ ಭಾನುವಾರ ಕರೆಂಟು ಬರುವ ಹೊತ್ತಿನಡಿ ಕೆಂಪು ಪೆನ್ನಿನ ಗೆರೆ ಎಳೆದಿತ್ತು.

ನಾನು ಆ ಗೆರೆಯನ್ನೂ ಅತ್ತೆಯ ಮುಖವನ್ನೂ ನೋಡಿದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಚೀಲವನ್ನು ನನ್ನ ಕೈಗೆ ಕೊಟ್ಟರು.

"ನೋಡುದೆಂತ? ನಡಿ, ಮಾವನ ಇನ್ನೊಂದು ಚಪ್ಪಲಿ ಹುಡುಕುವ."