ತಟ್ಟಿಯ ಆಚೆಗಿನ ಒಂದನೇ ಇಯತ್ತೆ

ಎಂಬತ್ತರ ದಶಕದ ಕೊನೆಯ ಮಾತು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯ ಮೇಲಿನ ಒಂದು ಊರಿನ ಕನ್ನಡ ಶಾಲೆಯಲ್ಲಿ ನಾನು ಒಂಬತ್ತು ವರ್ಷಗಳಿಂದ ಒಂದನೇ ಇಯತ್ತೆಗೆ ಕಲಿಸುತ್ತಿದ್ದೆ. ಊರಿನ ಅರ್ಧ ಮನೆಗಳ ಮಾತು ಮರಾಠಿ. ನನ್ನ ತವರು ನಿಪ್ಪಾಣಿ, ಹಾಗಾಗಿ ನನಗೂ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಶಾಲೆಯೊಳಗೆ ಒಂದು ಮರಾಠಿ ಶಬ್ದ ಕೇಳಿದರೂ ಫೂಟಪಟ್ಟಿಯನ್ನು ಟೇಬಲ್ಲಿಗೆ ಬಡಿಯುತ್ತಿದ್ದೆ. ಮಕ್ಕಳು ಗಪ್ಪಾಗುತ್ತಿದ್ದರು. ಅದನ್ನೇ ನಾನು ಶಿಸ್ತು ಅಂದುಕೊಂಡಿದ್ದೆ. ಹೆಡ್ ಮಾಸ್ತರರೂ ಹಾಗೇ ಅಂದುಕೊಂಡಿದ್ದರು.

ಆ ವರ್ಷ ಮಕ್ಕಳು ಹೆಚ್ಚಾಗಿ ತರಗತಿಯನ್ನು ಎರಡು ಮಾಡಬೇಕಾಯಿತು. ಒಂದೇ ಖೋಲಿಯ ನಡುವೆ ಬಿದಿರಿನ ತಟ್ಟಿ ಕಟ್ಟಿದರು. ಆಚೆ ಬದಿಗೆ ಹೊಸ ಬಾಯಿ ಬಂದಳು; ನಮ್ಮ ಕಡೆ ಶಿಕ್ಷಕಿಗೆ ಬಾಯಿ ಅಂತಲೇ ಅನ್ನುತ್ತಾರೆ. ಅಥಣಿಯ ಮೂಡಲ ಕಡೆಯ ಹಳ್ಳಿಯವಳು, ಮೊದಲ ನೌಕರಿ, ಮರಾಠಿಯ ಗಂಧವೂ ಇಲ್ಲ. ಯಾವ ಮಗು ಯಾವ ಬದಿಗೆ ಅಂತ ಯಾದಿ ಮಾಡುವ ಕೆಲಸ ನನಗೇ ಬಂತು. ಅಳುವವರನ್ನು, ಬಾಯಿ ಬಿಡದವರನ್ನು, ಪಾಟಿ ಹಿಡಿಯಲೂ ಬಾರದವರನ್ನು ಆರಿಸಿ ಆರಿಸಿ ಅವಳ ಪಾಲಿಗೆ ಹಾಕಿದೆ. ಹೊಸಬಳಿಗೆ ಕೆಲಸ ಏನೆಂದು ತಿಳಿಯಲಿ ಅಂತ ಮನಸ್ಸಿನಲ್ಲೇ ನಕ್ಕಿದ್ದೆ.

ಆ ಯಾದಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತಾಯಿ ತಂಬಾಕಿನ ವಖಾರಿಗೆ ಕೂಲಿಗೆ ಹೋಗುತ್ತಿದ್ದಳು. ಮಗುವಿನ ಲಂಗಕ್ಕೂ ತಂಬಾಕಿನ ಘಾಟು. ಶಾಲೆಗೆ ಬಂದ ಮೊದಲ ವಾರ ನಾನು ಗುಬ್ಬಿಯ ಚಿತ್ರ ತೋರಿಸಿ ಇದೇನು ಎಂದು ಕೇಳಿದ್ದೆ. ಅವಳು ಸಂತೋಷದಿಂದ ಎದ್ದು ನಿಂತು "ಚಿಮಣಿ" ಅಂದಳು. ಮರಾಠಿಯಲ್ಲಿ ಗುಬ್ಬಿಗೆ ಚಿಮಣಿ ಅಂತಲೇ ಅನ್ನುತ್ತಾರೆ. ಕನ್ನಡದ ಮಕ್ಕಳಿಗೆ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ಇಡೀ ತರಗತಿ ನಕ್ಕಿತು. ಅವಳು ಹೇಳಿದ್ದು ಸರಿ ಎಂದು ಗೊತ್ತಿದ್ದೂ ನಾನೂ ನಕ್ಕೆ. ಆಮೇಲೆ ಅವಳು ನನ್ನೆದುರು ಬಾಯಿ ತೆರೆಯಲಿಲ್ಲ.

ಹೊಸ ಬಾಯಿ ಬಂದ ಹದಿನೈದು ದಿನಕ್ಕೆ ತಟ್ಟಿಯ ಆಚೆಯಿಂದ ನಗು ಕೇಳತೊಡಗಿತು. ನನ್ನ ಮಕ್ಕಳು ಬಿದಿರಿನ ಸಂದಿಯಲ್ಲಿ ಕಣ್ಣಿಟ್ಟು ಅತ್ತಲೇ ನೋಡುತ್ತಿದ್ದರು. ಒಂದು ದಿನ ಅವರನ್ನು ಗದರಿಸಿ ಕೂರಿಸಿ ನಾನೇ ಹೋಗಿ ಸಂದಿಯಲ್ಲಿ ನೋಡಿದೆ. ಅವಳು ಕುರ್ಚಿಯಲ್ಲಿ ಇರಲಿಲ್ಲ. ನೆಲದ ಮೇಲೆ, ಆ ತಂಬಾಕಿನ ಹುಡುಗಿಯ ಎದುರು, ಬೆಕ್ಕಿನ ಚಿತ್ರ ಹಿಡಿದು ಮಂಡಿಯೂರಿ ಕೂತಿದ್ದಳು.

"ಇದಕ ನಿಮ್ಮನ್ಯಾಗ ಏನಂತಾರವ್ವ? ನಂಗ ಗೊತ್ತಿಲ್ಲ, ನೀ ಕಲಸು."

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಇವಳೂ ಸುಮ್ಮನೇ ಕಾದಳು. ನಾನಾಗಿದ್ದರೆ ಅಷ್ಟರಲ್ಲಿ ಮುಂದಿನ ಮಗುವನ್ನು ಕೇಳಿಬಿಡುತ್ತಿದ್ದೆ. ಕೊನೆಗೆ ಹುಡುಗಿ ಪಿಸುಗುಟ್ಟಿದಳು, "ಮಾಂಜರ."

"ಮಾಂಜರ! ಛಲೋ ಆತು, ನಾ ಒಂದು ಕಲತೆ. ನಮ್ಮನ್ಯಾಗ ಇದಕ ಬೆಕ್ಕು ಅಂತೀವಿ. ಈಗ ನೀ ಒಂದು ಕಲಿ."

"ಬೆಕ್ಕು," ಅಂದಳು ಹುಡುಗಿ, ಗಟ್ಟಿಯಾಗಿ.

ನನ್ನ ಎದೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಮರಾಠಿ ಬರುತ್ತಿದ್ದವಳು ನಾನು. ಅದು ಬಾರದ ಇವಳು, ಬಾರದು ಎಂಬುದನ್ನೇ ಮುಂದೆ ಮಾಡಿಕೊಂಡು ನಾನು ಬಿಸಾಡಿದ ಮಗುವನ್ನು ಗೆದ್ದಿದ್ದಳು. ಸಂಜೆ ಶಾಲೆ ಬಿಟ್ಟಾಗ ಮಕ್ಕಳು ಅವಳ ಸೆರಗು ಹಿಡಿದು ಬಸ್ ನಿಲ್ಲುವ ಜಾಗದ ತನಕ ಹೋಗುತ್ತಿದ್ದರು, ನನ್ನ ತರಗತಿಯವರೂ. ನಾನು ಹಿಂದೆ ಒಬ್ಬಳೇ ನಡೆಯುತ್ತಿದ್ದೆ. ಅವಳು ಉಟ್ಟ ಸೀರೆ, ಅವಳ ಅಕ್ಷರ, ಅವಳು ನಗುವ ರೀತಿ ಎಲ್ಲದರಲ್ಲೂ ಕುಂದು ಹುಡುಕುತ್ತಿದ್ದೆ.

ಕಡೆಗೆ ಒಂದು ದಿನ ಹೆಡ್ ಮಾಸ್ತರರ ಮುಂದೆ ಹೋಗಿ ನಿಂತೆ. "ಸರ, ಆ ಬಾಯಿ ಕನ್ನಡ ಸಾಲ್ಯಾಗ ಮರಾಠಿ ಕಲಸಾಕತ್ತಾಳ್ರಿ," ಅಂದೆ.

ಗಡಿಯ ಊರಿನಲ್ಲಿ ಆ ಮಾತು ಎಷ್ಟು ಭಾರದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವರು ಅವಳನ್ನು ಕರೆಸಿ, ಮೇಲಿನವರಿಗೆ ಬರೆಯಬೇಕಾದೀತು ಎಂದು ಗದರಿದರು. ಅವಳು ಹೊರಗೆ ಬಂದು ನೇರವಾಗಿ ತಟ್ಟಿಯ ಆಚೆಗೆ ಹೋದಳು.

ಮರುದಿನ ತಟ್ಟಿಯ ಆಚೆ ನಗುವಿನ ಸದ್ದೇ ಇಲ್ಲ. ಅವಳು ಕುರ್ಚಿಯಲ್ಲಿ ಕೂತು ಬೋರ್ಡಿನ ಮೇಲಿನ ಅಕ್ಷರ ಓದಿಸುತ್ತಿದ್ದಳು, ಮಕ್ಕಳು ಸಣ್ಣ ದನಿಯಲ್ಲಿ ಹಿಂದೆ ಹೇಳುತ್ತಿದ್ದರು. ಎರಡನೇ ದಿನವೂ ಹಾಗೇ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮೂರನೇ ದಿನ ಮಧ್ಯಾಹ್ನದ ಸೂಟಿಯಲ್ಲಿ ಆ ಹುಡುಗಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು.

"ಬಾಯಾರ, ನಮ್ಮ ಬಾಯಾರು ಯಾಕ ನಗವಲ್ರು? ಅವರಿಗೆ ಯಾರ ಬೈದಾರ?"

ಅವಳು ನನಗೆ ಆಡಿದ ಮೊದಲ ಕನ್ನಡದ ಮಾತು ಅದು. ತಪ್ಪಿಲ್ಲದ ಕನ್ನಡ. ಮರಾಠಿ ಕಲಿಸುತ್ತಾಳೆ ಎಂದು ನಾನು ಯಾರ ಮೇಲೆ ಚಾಡಿ ಹೇಳಿದ್ದೆನೋ, ಅವಳು ಕಲಿಸಿದ ಕನ್ನಡ. ಎದ್ದು ನೇರವಾಗಿ ಹೆಡ್ ಮಾಸ್ತರರ ಹತ್ತಿರ ಹೋದೆ.

"ನಾ ಹೊಟ್ಟಿಕಿಚ್ಚಿಗೆ ಹಂಗ ಹೇಳಿದ್ನಿರಿ ಸರ. ಅಕಿ ಕಲಸಾಕತ್ತಿದ್ದು ಕನ್ನಡಾನ."

ಅವರು ನನ್ನನ್ನು ದಿಟ್ಟಿಸಿ ನೋಡಿ, "ನನ್ನ ಮುಂದ ಹೇಳಿದ್ರ ಏನ ಬಂತು? ಅಕಿ ಮುಂದ ಹೇಳ್ರಿ," ಅಂದರು.

ಬಾವಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದ ಅವಳ ಬಳಿ ಹೋಗಿ ಎಲ್ಲ ಹೇಳಿದೆ. ಯಾದಿಯ ಸಂಗತಿಯನ್ನೂ ಬಿಡಲಿಲ್ಲ. ಅವಳ ಕಣ್ಣು ತುಂಬಿತು. ಬಹಳ ಹೊತ್ತು ಡಬ್ಬಿಯನ್ನೇ ತಿಕ್ಕಿದಳು.

"ನಂಗ ಭಾಳ ಕೆಟ್ಟನಿಸಿತ್ರಿ ಅಕ್ಕಾರ. ರಾಜೀನಾಮಾ ಬರದ ಇಟ್ಟಿದ್ದೆ," ಅಂದಳು. ಆಮೇಲೆ, "ನಂಗ ಅವರ ಮಾತು ಅರ್ಧ ತಿಳಿಯೂದಿಲ್ಲ. ನಿಮಗ ತಿಳಿತೈತಿ. ದಿನಾ ಒಂದ ತಾಸು ಬಂದ ಕುಂದರ್ರಲ್ಲ," ಅಂದಳು.

ಹೋದೆ. ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತು ಅವಳು ಏನು ಮಾಡುತ್ತಾಳೆ ಎಂದು ಮೊದಲ ಸಲ ಸರಿಯಾಗಿ ನೋಡಿದೆ. ದೊಡ್ಡ ಜಾದೂ ಏನೂ ಇರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದಳು. ಅಳುವ ಮಗುವಿಗೆ ಅಳಬೇಡ ಎನ್ನದೆ ಖಡುವಿನ, ಅಂದರೆ ಸೀಮೆಸುಣ್ಣದ, ಡಬ್ಬಿ ಕೈಗೆ ಕೊಟ್ಟು ಎಲ್ಲರಿಗೂ ಹಂಚು ಅನ್ನುತ್ತಿದ್ದಳು. ಹಂಚುತ್ತ ಹಂಚುತ್ತ ಅದರ ಅಳು ನಿಲ್ಲುತ್ತಿತ್ತು. ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ಕೂರಿಸುತ್ತಿರಲಿಲ್ಲ. ತಪ್ಪು ಹೇಳಿದ ಮಗುವಿನ ಉತ್ತರದಲ್ಲಿ ಸರಿ ಇದ್ದಷ್ಟನ್ನು ಮೊದಲು ಎತ್ತಿ ಹೇಳುತ್ತಿದ್ದಳು. ಇದೆಲ್ಲ ನನಗೂ ಸಾಧ್ಯವಿತ್ತು ಎಂಬುದೇ ಹೆಚ್ಚು ಉರಿಯುತ್ತಿತ್ತು. ಒಂಬತ್ತು ವರ್ಷ ಎಷ್ಟು ಮಕ್ಕಳು ನನ್ನೆದುರು ಬಾಯಿ ಮುಚ್ಚಿ ಕೂತಿದ್ದರೋ.

ಮೂರು ವರ್ಷದ ನಂತರ ಅವಳಿಗೆ ಕಾಗವಾಡದ ಕಡೆಗೆ ವರ್ಗವಾಯಿತು. ಮಕ್ಕಳು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಆದರೂ ಅಳುತ್ತಲೇ, ನಾನು ಹೋದರೆ ಇವರಲ್ಲಿ ಎಷ್ಟು ಮಂದಿ ಅತ್ತಾರು ಎಂದು ಲೆಕ್ಕ ಹಾಕುತ್ತಿದ್ದೆ. ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ.

ತೊಂಬತ್ತರ ದಶಕದ ನಡುವೆ ರಾಯಬಾಗದಲ್ಲಿ ಹೊಸ ಶಿಕ್ಷಕರ ತರಬೇತಿಗೆ ನನ್ನನ್ನು ಮಾತಾಡಲು ಕರೆದರು. ಊಟದ ಹೊತ್ತಿಗೆ ಒಬ್ಬ ಎಳೆಯ ಶಿಕ್ಷಕಿ ಪಕ್ಕದಲ್ಲಿ ಬಂದು ಕೂತಳು. "ನಮ್ಮ ಸಾಲ್ಯಾಗ ಇನ್ನೊಬ್ಬ ಬಾಯಿ ಅದಾರ್ರಿ. ಹುಡುಗೂರು ಅವರ ಕಡೇನ ಓಡತಾವ. ನಂಗ ಈ ಕೆಲಸ ಬರೂದಿಲ್ಲೇನೋ ಅನಸ್ತೈತಿ," ಅಂದಳು. ಅವಳ ದನಿಯಲ್ಲಿದ್ದದ್ದು ಬರೀ ದುಃಖವಲ್ಲ ಎಂದು ನನಗೆ ತಕ್ಷಣ ತಿಳಿಯಿತು.

"ಉರಿತೈತಿ ಅಲ್ಲಾ?" ಅಂದೆ.

ಅವಳು ನಾಚಿ ತಲೆ ತಗ್ಗಿಸಿದಳು.

"ಉರೀಲಿ. ಕೆಲಸದ ಮ್ಯಾಲ ಮನಸ ಇಲ್ಲದವರಿಗೆ ಅದೂ ಉರಿಯೂದಿಲ್ಲ. ನಾಳೆ ಹೋಗಿ ಅವರ ಖೋಲ್ಯಾಗ ಹುಡುಗೂರ ಜೋಡಿ ನೆಲದ ಮ್ಯಾಲ ಕುಂದರು. ಬರೇ ನೋಡು. ನಾ ಮಾಡಿದಂಗ ಹೆಡ್ ಮಾಸ್ತರ ಕಡೆ ಮಾತ್ರ ಹೋಗಬ್ಯಾಡ."

ಏನು ಮಾಡಿದ್ರಿ ನೀವು ಎಂದು ಅವಳು ಕೇಳಿದಳು. ಊಟ ಆರುವ ತನಕ ಕೂತು ಹೇಳಿದೆ.