ಇಡೀ ವರ್ಷ ಜುಲೈ ಇಪ್ಪತ್ತು

ತೊಂಬತ್ತರ ದಶಕದಲ್ಲಿ ನಾನು ಭದ್ರಾವತಿ ನ್ಯೂ ಟೌನಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರಾಗಿದ್ದೆ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ 'ಚರಿತ್ರೆಯಲ್ಲಿ ಈ ದಿನ' ಅಂತ ದಿನಕ್ಕೊಂದು ಘಟನೆ ಬರೆಯುವುದು ನನ್ನ ಕೆಲಸ. ಒಂದು ವರ್ಷ ಜುಲೈ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಹೆಡ್‌ಮಾಸ್ಟರಿಗೆ ನನ್ನ ಸೀಮೆಸುಣ್ಣದ ಅಕ್ಷರ ಸಾಲದೇ ಹೋಯಿತು. ಮಾಚೇನಹಳ್ಳಿಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುವವನನ್ನು ಕರೆಸಿ, 'ಈ ದಿನ ಮನುಷ್ಯ ಚಂದ್ರನ ಮೇಲೆ ಇಳಿದ' ಎಂದು ಆಯಿಲ್ ಪೇಂಟಿನಲ್ಲಿ ಬರೆಸಿದರು. ಆ ಮಹಾನುಭಾವ ಸುತ್ತಲೂ ಲಾರಿಗೆ ಬಿಡಿಸುವಂಥ ಗುಲಾಬಿಗಳನ್ನೂ ಬಿಡಿಸಿದ.

ಇನ್‌ಸ್ಪೆಕ್ಟರ್ ಬರಲಿಲ್ಲ. ಪೇಂಟು ಹೋಗಲಿಲ್ಲ.

ಕೆರೆದು ತೆಗೆಯೋಣ ಎಂದರೆ ಹೆಡ್‌ಮಾಸ್ಟರು, "ಸುಮ್ನಿರು ಮಾರಾಯ, ಅವರು ಯಾವತ್ತು ಬೇಕಾದ್ರೂ ಬರಬಹುದು. ನೋಡೋಕೆ ಚೆನ್ನಾಗಿದೆಯಲ್ಲ" ಅಂದರು. ಅವರ ಪಾಲಿಗೆ ಚರಿತ್ರೆ ಅಂದರೆ ಅಷ್ಟೇ, ಗೋಡೆಗೊಂದು ಅಲಂಕಾರ. ಸ್ವಾತಂತ್ರ್ಯ ದಿನದಂದೂ ರಾಜ್ಯೋತ್ಸವದಂದೂ ನಮ್ಮ ಶಾಲೆಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿಯುತ್ತಲೇ ಇದ್ದ. ಬಾವುಟದ ಕೆಳಗೆ ಇಸ್ತ್ರಿ ಬಟ್ಟೆಯಲ್ಲಿ ಸೆಟೆದು ನಿಂತು ದೇಶಭಕ್ತಿಯ ಭಾಷಣ ಬಿಗಿಯುತ್ತಿದ್ದ ಡಿಗ್ರಿವಂತ ಮೇಷ್ಟ್ರುಗಳಲ್ಲಿ ಒಬ್ಬನೂ ಅದನ್ನು ತಲೆಯೆತ್ತಿ ಓದಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ, "ಸಾರ್, ದಿನಾ ಇಳೀತಾರಾ?" ಎಂದು ಕೇಳಿದಳು. ಹೆಡ್‌ಮಾಸ್ಟರು ಅವಳನ್ನು ಅಧಿಕಪ್ರಸಂಗಿ ಎಂದು ಬೈದರು.

ಇನ್‌ಸ್ಪೆಕ್ಟರ್ ಕೊನೆಗೂ ಜನವರಿಯಲ್ಲಿ ಬಂದರು. ಹಲಗೆಯ ಮುಂದೆ ನಿಂತು, ಕನ್ನಡಕ ಏರಿಸಿ, ಎರಡೆರಡು ಸಲ ಓದಿದರು.

"ಭಾಳ ಚೆನ್ನಾಗಿದೆ. ದಿನಾ ಹೀಗೇ ಬರೀರಿ" ಅಂದರು.

"ಆಗ್ಲಿ ಸಾರ್" ಎಂದು ಎಲ್ಲರಿಗಿಂತ ಮೊದಲು ಹಲ್ಲು ಕಿರಿದವನು ಚರಿತ್ರೆ ಮೇಷ್ಟ್ರಾದ ನಾನೇ.