ಅಡ್ಯಾರಿನ ಚಿತ್ರದಲ್ಲಿ ನರೆತ ಅಮ್ಮ

ಬೆಂಗಳೂರು ದಂಡಿನ ನಿಲ್ದಾಣದಲ್ಲಿ ಬೆಳಗಿನ ಮದರಾಸು ರೈಲು ಹತ್ತಿದಾಗ ಮೂರನೆಯ ದರ್ಜೆಯಲ್ಲಿ ನನಗೆ ಕಿಟಕಿಯ ಜಾಗವೇ ಸಿಕ್ಕಿತು. ನಾನು ಹೊರಟದ್ದು ಅಮ್ಮನ ಮುಖ ನೋಡಲು. ನನಗೆ ಎಂಟು ತಿಂಗಳಾಗಿದ್ದಾಗ ಅಮ್ಮ ಮದರಾಸಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಳು. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮ ಮನೆಯಲ್ಲಿ ಯಾರೂ ತೆಗೆಸುತ್ತಿರಲಿಲ್ಲ. ಆದರೆ ಅಡ್ಯಾರಿನಲ್ಲಿ ನೆಲೆಸಿದ ಹಂಗೇರಿಯ ಚಿತ್ರಗಾರ್ತಿಯೊಬ್ಬಳು ಅಮ್ಮನನ್ನೂ ಅವಳ ಮಡಿಲಲ್ಲಿದ್ದ ನನ್ನನ್ನೂ ಎದುರಿಗೆ ಕೂರಿಸಿಕೊಂಡು ತೈಲಚಿತ್ರ ಬರೆದಿದ್ದಳು. ಆಕೆ ಇನ್ನೂ ಅಲ್ಲೇ ಇದ್ದಾಳೆಂದು ಮೈಲಾಪುರದ ಚಿಕ್ಕಮ್ಮನಿಂದ, ಅಂದರೆ ಅಮ್ಮನ ತಂಗಿಯಿಂದ, ಕಾಗದ ಬಂದಿತ್ತು.

ಜೋಲಾರಪೇಟೆಯಲ್ಲಿ ಕಾಫಿ ಕುಡಿದೆ. ಕಾಟಪಾಡಿ ದಾಟಿದ ಮೇಲೆ ಕಿಟಕಿಯ ಕಂಬಿ ಮುಟ್ಟಲಾಗದಷ್ಟು ಕಾದಿತ್ತು. ಸೆಂಟ್ರಲ್ ನಿಲ್ದಾಣದಲ್ಲಿ ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದೇನೇ ಕನ್ನಡಕ? ಓದಿ ಓದಿ ಕಣ್ಣು ಕಳ್ಕೊಂಡ್ಯಾ? ಪಾವಂ, ಸೀಕ್ರಂ ನಡಿ, ಬಸ್ಸು ಹೋಗಿಬಿಡತ್ತೆ" ಎಂದು ತಮಿಳು ಬೆರೆಸಿ ಮರುಗುತ್ತಲೇ ಅವಸರಿಸಿದರು. ನಾನು ಕನ್ನಡಕ ಹಾಕಿಕೊಂಡದ್ದು ಜೂನ್‌ನಲ್ಲಿ, ಎರಡೇ ತಿಂಗಳ ಹಿಂದೆ. ಅದನ್ನು ಮದರಾಸಿನ ಯಾರಿಗೂ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಅಡ್ಯಾರಿಗೆ ಹೋದೆವು. ಗಾಳಿಯೇ ಇರಲಿಲ್ಲ. ನದಿಯ ಕಡೆಗೆ ಮುಖ ಮಾಡಿದ ಆ ಮನೆಯೊಳಗೆ ಟರ್ಪೆಂಟೈನಿನ ವಾಸನೆ ತುಂಬಿತ್ತು. ಚಿತ್ರಗಾರ್ತಿಗೆ ಎಪ್ಪತ್ತರ ಹತ್ತಿರ. ನಾನು ಹೆಸರು ಹೇಳುವ ಮೊದಲೇ ಆಕೆ ಇಂಗ್ಲಿಷಿನಲ್ಲಿ, "ಈ ವರ್ಷ ನೀನು ತಡವಾಗಿ ಬಂದೆ" ಎಂದಳು. ನಾನು ಹಿಂದೆ ಯಾವ ವರ್ಷವೂ ಬಂದಿರಲಿಲ್ಲ.

ಒಳಕೋಣೆಯಲ್ಲಿ ಚಿತ್ರ ಗೋಡೆಗೆ ಒರಗಿತ್ತು. ಅದರಲ್ಲಿ ಕೂತಿದ್ದ ಹೆಂಗಸಿಗೆ ನಲವತ್ತು ದಾಟಿತ್ತು. ಬೈತಲೆಯ ಪಕ್ಕದಲ್ಲಿ ನರೆ ಕಾಣುತ್ತಿತ್ತು. ಅವಳ ಮಡಿಲಲ್ಲಿ ತಲೆಯಿಟ್ಟು ನೆಲದ ಮೇಲೆ ಕೂತ ಯುವತಿಗೆ ಕನ್ನಡಕವಿತ್ತು. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಮ್ಮ ತೀರಿಕೊಂಡದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ" ಎಂದೆ.

"ಗೊತ್ತು. ನನ್ನ ದೇಶ ಬಿಟ್ಟು ಬಂದಾಗ ನನಗೂ ಒಂದು ಕೂಸಿತ್ತು. ಅದು ಹಡಗಿನಲ್ಲೇ ತೀರಿಹೋಯಿತು. ಇವರಿಬ್ಬರ ವಯಸ್ಸನ್ನಾದರೂ ಅಲ್ಲಿಗೇ ನಿಲ್ಲಗೊಡಬಾರದು ಅನ್ನಿಸಿತು. ಪ್ರತಿ ವರ್ಷ ಇದೇ ಕ್ಯಾನ್ವಾಸಿನ ಮೇಲೆ ಒಂದು ವರ್ಷ ಸೇರಿಸುತ್ತೇನೆ. ಜೂನ್‌ನಲ್ಲಿ ಹುಡುಗಿಯ ಕಣ್ಣು ಮಂಜಾಯಿತು."

"ಮೊದಲಿನ ಮುಖ ಎಲ್ಲಿದೆ?" ಎಂದು ಕೇಳಿದೆ.

"ಇದರ ಅಡಿಯಲ್ಲಿ."

ಇಪ್ಪತ್ತೊಂದು ವರ್ಷಗಳ ಬಣ್ಣದ ಕೆಳಗೆ. ಕೆರೆದರೆ ಎಲ್ಲವೂ ಒಟ್ಟಿಗೆ ಉದುರುತ್ತದೆ ಎಂದಳು. ಆಮೇಲೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಬೆರಳುಗಳು ತಣ್ಣಗಿದ್ದವು. "ಮಚ್ಚೆ ಎಲ್ಲಿ? ನೀನು ಅವಳಲ್ಲ!"

ಚಿತ್ರದ ಯುವತಿಯ ಎಡಗೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆಯಿತ್ತು. ನಾನು ಅದನ್ನು ತೋರಿಸಿ ಆಕೆಯ ಮಾತನ್ನು ಕನ್ನಡದಲ್ಲಿ ಹೇಳಿದಾಗ ಅಲ್ಲಿಯವರೆಗೆ ಅಳುತ್ತಿದ್ದ ಚಿಕ್ಕಮ್ಮ ನಕ್ಕುಬಿಟ್ಟರು. "ಮಚ್ಚೆಯಂತೆ ಮಚ್ಚೆ! ದೃಷ್ಟಿಬೊಟ್ಟು ಕಣೇ ಅದು. ಬಣ್ಣ ಬಳಿಯೋಕೆ ಶುರು ಮಾಡೋ ಮುಂಚೆ ಅಕ್ಕ ತನ್ನ ಕಣ್ಣಿನ ಕಾಡಿಗೇನೇ ಬೆರಳಲ್ಲಿ ತೆಗೆದು ನಿನಗಿಟ್ಟಳು. ಈ ದೊರೆಸಾನಿ ಕಣ್ಣು ಬಿದ್ದೀತು ಅಂತ!"

ಅದು ತಾಯಿಯಿಟ್ಟ ಕಾಡಿಗೆ ಎಂದಷ್ಟೇ ಆಕೆಗೆ ಅನುವಾದಿಸಿದೆ. ಯಾರ ಕಣ್ಣಿಗೆ ಹೆದರಿ ಇಟ್ಟದ್ದೆಂದು ಹೇಳಲಿಲ್ಲ.

ಆಕೆ ಚಿತ್ರದ ಕಡೆಗೆ ತಿರುಗಿದಳು. "ಹುಟ್ಟುಮಚ್ಚೆ ವಯಸ್ಸಿನೊಂದಿಗೆ ಬದಲಾಗುವುದಿಲ್ಲವಲ್ಲ ಎಂದು ಅದೊಂದರ ಮೇಲೆ ಮಾತ್ರ ಮತ್ತೆ ಬಣ್ಣ ಹಚ್ಚಲಿಲ್ಲ. ಸುತ್ತಲಿನದೆಲ್ಲ ಬದಲಾಯಿಸಿದೆ. ಅದು ಮೊದಲ ದಿನದ್ದೇ."

ಹತ್ತಿರ ಹೋಗಿ ನೋಡಿದೆ. ದಪ್ಪ ಬಣ್ಣದ ನಡುವೆ ಆ ಚುಕ್ಕೆ ಸಣ್ಣ ಗುಳಿಯಂತೆ ಕೆಳಗಿತ್ತು. ಕೇಳದೆಯೇ ತೋರುಬೆರಳನ್ನು ಅದರ ಮೇಲಿಟ್ಟೆ. ಚಿತ್ರವನ್ನು ಕೊಡಿ ಎನ್ನಬೇಕೆಂದು ಬಂದಿದ್ದೆ. ಆದರೆ ಆ ನರೆತ ಹೆಂಗಸು ನನ್ನ ತಲೆಯ ಮೇಲಿಂದ ಚಿತ್ರಗಾರ್ತಿಯನ್ನೇ ನೋಡುತ್ತಿದ್ದಳು. ನಾನು ಕೇಳಲಿಲ್ಲ.

ಬಾಗಿಲವರೆಗೆ ಬಂದ ಚಿತ್ರಗಾರ್ತಿ, "ಬರುವ ವರ್ಷವೂ ನೀನು ಇಲ್ಲಿರುತ್ತೀಯ" ಎಂದಳು. ಅದು ಆಹ್ವಾನದಂತೆ ಕೇಳಿಸಲಿಲ್ಲ.

ಮೂರನೆಯ ದಿನ ಸೆಂಟ್ರಲ್‌ನಲ್ಲಿ ರೈಲು ಹೊರಡುವ ಮುನ್ನ ಚಿಕ್ಕಮ್ಮ ಕಿಟಕಿಯೊಳಗೆ ಕೈ ತೂರಿಸಿ, ತಮ್ಮ ಕಣ್ಣಂಚಿನ ಕಾಡಿಗೆಯನ್ನು ನನ್ನ ಎಡಗೆನ್ನೆಗೆ ಒತ್ತಿದರು. "ಒರೆಸ್ಕೊಂಡೀಯ, ಜೋಕೆ. ಆ ಮನೆಗೆ ಹೋಗಿ ಬಂದಿದ್ದೀಯ."

ಅರಕೋಣಂ ದಾಟಿದ ಮೇಲೆ ಎದುರಿಗೆ ಕೂತಿದ್ದ ಕೋಲಾರದ ಹೆಂಗಸು ನನ್ನನ್ನು ನೋಡುತ್ತಲೇ ಇದ್ದವರು, "ಲಕ್ಷಣವಾಗೈತಮ್ಮಾ ಮಚ್ಚೆ. ಹುಟ್ಟಿದಾಗಿಂದ ಐತಾ?" ಎಂದು ಕೇಳಿದರು.

ಹೌದು ಎಂದೆ.